ಗೇಣುದ್ದದ ಫೆರಾರಿ

ಹಳೇ ಸಾಮಾನು ಮಾರೋ ಆ್ಯಪ್‌ನಲ್ಲಿ ಎಲ್ಲಾ ಬರೆಯಬಹುದು. ಬೆಲೆ ಅನ್ನುವ ಖಾಲಿ ಜಾಗ ತುಂಬೋದೇ ಪ್ರಾಣಸಂಕಟ.

ನಾನು ಮಾರಲು ಹೊರಟಿರುವುದು ಫೆರಾರಿ 250 ಜಿಟಿಒ. ಗಾಬರಿ ಬೇಡ, 1:18 ಅಳತೆಯ, ಅಂದರೆ ಉದ್ದದಲ್ಲಿ ಅಸಲಿಯ ಹದಿನೆಂಟನೇ ಒಂದು ಭಾಗದಷ್ಟಿರುವ ಡೈಕಾಸ್ಟ್ (ಲೋಹದ ಎರಕದ) ಮಾದರಿ. ಅಸಲಿ ಕಾರು 1962ರಿಂದ 1964ರವರೆಗೆ ತಯಾರಾಗಿದ್ದೇ 36. ಅದರಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರ್‌ಗೆ ಹೋಯಿತು. ಅದನ್ನು 18ರಿಂದ ಭಾಗಿಸಿದರೆ ನಾನು ನಾಳೆಯೇ ಕೆಲಸ ಬಿಡಬಹುದು. ಉದ್ದ, ಅಗಲ, ಎತ್ತರ ಮೂರಕ್ಕೂ ಭಾಗಿಸಬೇಕು ಅಂತ ಮಗಳು ತಕರಾರು ತೆಗೆದಳು. ಸರಿ, 5832ರಿಂದ ಭಾಗಿಸಿದೆ. ಆಗಲೂ 8 ಸಾವಿರ ಡಾಲರ್ ದಾಟುತ್ತದೆ. ನನಗೇನೂ ಅಭ್ಯಂತರವಿಲ್ಲ, ಕೊಳ್ಳುವವರದ್ದೇ ಕಿರಿಕಿರಿ.

ಬೇರೆಯವರು ಎಷ್ಟು ಹೇಳಿದ್ದಾರೆ ನೋಡೋಣ ಅಂದರೆ, ಬಾಯಿಗೆ ಬಂದಷ್ಟು ಹೇಳಿದವರ ಜಾಹೀರಾತು ವರ್ಷದಿಂದ ಅಲ್ಲೇ ಕೂತಿದೆ. ಕೊನೆಗೆ ನಿಜವಾಗಿ ಮಾರಿಹೋದವುಗಳ ಬೆಲೆ ಹುಡುಕಿ, ಚೌಕಾಸಿಗೆ ಅಂತ ಸ್ವಲ್ಪ ಜಾಸ್ತಿ ಹಾಕಿದೆ.

ನಿನ್ನೆ ಒಬ್ಬರು ನೋಡಲು ಬಂದರು. ಕಾರನ್ನು ಮೇಜಿನ ಮೇಲಿಟ್ಟು ಬಾನೆಟ್ ಎತ್ತಿದೆ. ಹನ್ನೆರಡು ಸಿಲಿಂಡರಿನ ಇಂಜಿನ್, ವೈರು ಸಮೇತ! ಅವರು ಕಾರಿನ ಜೊತೆ ಬಂದಿದ್ದ ಬಾಕ್ಸ್ ಕೈಗೆತ್ತಿಕೊಂಡರು. ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಮೂಲೆ ನೋಡಿದರು. ಮುಂಭಾಗದ ಪ್ಲಾಸ್ಟಿಕ್ ಹಾಳೆಯ ಮೇಲೆ ಉಗುರಾಡಿಸಿದರು. ಮುಚ್ಚಳ ಬಿಚ್ಚಿ, ಒಳಗೆ ಮೂಗು ತೂರಿಸಿ ಮೂಸಿದರು. "ಮುಗ್ಗಲು ವಾಸನೆ ಇಲ್ಲ, ಒಳ್ಳೇದು" ಅಂದರು. ಕಾರು ಬಾನೆಟ್ ತೆರೆದುಕೊಂಡು ಹಾಗೇ ನಿಂತಿತ್ತು.

"ಬಾಗಿಲ ಸಂದಿಗೆ ಸಿಕ್ಕಿಸಿರ್ತಾರಲ್ಲ ಸಾರ್, ಪ್ಲಾಸ್ಟಿಕ್ ಚೂರು, ಅದೆಲ್ಲಿ?"

"ಬಾಗಿಲು ತೆಗೀಬೇಕಿತ್ತು, ಎಸೆದೆ."

ಅವರು ಕಣ್ಣು ಮುಚ್ಚಿಕೊಂಡರು. ಯಾರೋ ತೀರಿಕೊಂಡ ಸುದ್ದಿ ಹೇಳಿದೆನಾ ಅಂತ ನನಗೇ ಅನುಮಾನವಾಯಿತು.

ಈ ಕಾರಿನ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳೂ ತಿರುಗುತ್ತವೆ. ಮಗಳು ಚಿಕ್ಕವಳಿದ್ದಾಗ ಕಿರುಬೆರಳು ತೂರಿಸಿ ಅದನ್ನೇ ತಿರುಗಿಸುತ್ತಾ ಕೂರುತ್ತಿದ್ದಳು, ಬಾಯಲ್ಲೇ ಗೇರ್ ಬದಲಿಸುತ್ತಾ. ಅದಕ್ಕೆಷ್ಟು ಸೇರಿಸೋದು? ಮಕ್ಕಳು ಮುಟ್ಟಿದ್ದಾರೆ ಅಂತ ಬರೆದರೆ ಬೆಲೆ ಇನ್ನೂ ಇಳಿಯುತ್ತದೆ.

ಯೋಚಿಸಿ ಹೇಳ್ತೀನಿ ಅಂತ ಹೋದವರು ರಾತ್ರಿ ಮೆಸೇಜ್ ಹಾಕಿದರು. ಕಾರು ಅವರ ಹತ್ತಿರ ಮೊದಲೇ ಇದೆಯಂತೆ.

"ಬರೀ ಬಾಕ್ಸ್ ಎಷ್ಟಕ್ಕೆ ಕೊಡ್ತೀರಾ ಸಾರ್? ಲಾಸ್ಟ್ ಹೇಳಿಬಿಡಿ."