ಲಿಸ್ಟ್‌ಬಾಕ್ಸ್‌ನಲ್ಲಿ ಒಂದೇ ಐಟಂ ಆರಿಸಬಹುದು ಅನ್ನೋದು ತಪ್ಪು

"ವಿಂಡೋಸ್ ಫಾರ್ಮ್ಸ್‌ನ ಲಿಸ್ಟ್‌ಬಾಕ್ಸ್‌ನಲ್ಲಿ ಒಂದು ಸಲಕ್ಕೆ ಒಂದೇ ಐಟಂ ಆರಿಸೋಕಾಗೋದು, ಜಾಸ್ತಿ ಬೇಕಂದ್ರೆ ಚೆಕ್ಡ್‌ಲಿಸ್ಟ್‌ಬಾಕ್ಸೇ ಹಾಕಬೇಕು" ಅಂತ ಒಂದು ಮಾತು ಓಡಾಡುತ್ತಿದೆ. ವಿಂಡೋಸ್ ಫಾರ್ಮ್ಸ್ ಅಂದ್ರೆ ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟುವ ಸಲಕರಣೆ; ಅದರಲ್ಲಿ ಲಿಸ್ಟ್‌ಬಾಕ್ಸ್ ಅಂದ್ರೆ ಸಾಲುಗಳ ಪಟ್ಟಿ, ಚೆಕ್ಡ್‌ಲಿಸ್ಟ್‌ಬಾಕ್ಸ್ ಅಂದ್ರೆ ಪ್ರತಿ ಸಾಲಿಗೂ ಟಿಕ್ ಹಾಕುವ ಚೌಕ ಇರುವ ಪಟ್ಟಿ. ಆ ಮಾತು ಸರಿಯಲ್ಲ. ಹೊಸದಾಗಿ ಕಲಿಯುವವರು ಇದನ್ನು ನಂಬಿ ಸುಮ್ನೆ ಇಡೀ ಫಾರ್ಮನ್ನೇ ಬದಲಾಯಿಸುತ್ತಾರೆ, ಅದು ನನಗೆ ಬೇಜಾರು.

ಲಿಸ್ಟ್‌ಬಾಕ್ಸ್‌ನ ಸೆಲೆಕ್ಷನ್‌ಮೋಡ್ ಪ್ರಾಪರ್ಟಿ (ಎಷ್ಟು ಸಾಲು, ಹೇಗೆ ಆರಿಸಬಹುದು ಅನ್ನೋ ಸೆಟ್ಟಿಂಗ್) ಮೊದಲಿಗೆ 'ಒನ್' ಅಂತ ಇರುತ್ತದೆ, ಅಷ್ಟೇ ವಿಷಯ. ಅದನ್ನು 'ಮಲ್ಟಿಸಿಂಪಲ್' ಮಾಡಿ ನೋಡಿ. ಒಂದು ಕ್ಲಿಕ್ಕಿಗೆ ಸಾಲು ಆಯ್ಕೆಯಾಗುತ್ತದೆ, ಇನ್ನೊಂದು ಕ್ಲಿಕ್ಕಿಗೆ ಆಯ್ಕೆ ಹೋಗುತ್ತದೆ. 'ಮಲ್ಟಿಎಕ್ಸ್‌ಟೆಂಡೆಡ್' ಮಾಡಿದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮಾಡುವ ಹಾಗೆ ಕಂಟ್ರೋಲ್ ಒತ್ತಿ ಬಿಡಿಬಿಡಿಯಾಗಿ, ಶಿಫ್ಟ್ ಒತ್ತಿ ಸಾಲಾಗಿ ಆರಿಸಬಹುದು. ನನ್ನ ಪ್ರಕಾರ ಬಳಸುವವರಿಗೆ ಇದೇ ಜಾಸ್ತಿ ಅಭ್ಯಾಸ.

ಗೊಂದಲ ಹುಟ್ಟುವುದು ಕೋಡ್‌ನಲ್ಲಿ. ಮೋಡ್ ಬದಲಾಯಿಸಿದ ಮೇಲೂ ಹಳೆಯ ಸೆಲೆಕ್ಟೆಡ್‌ಐಟಂ ಅನ್ನೇ ಓದಿದರೆ ಐದು ಸಾಲು ಆರಿಸಿದ್ದರೂ ಕೈಗೆ ಬರುವುದು ಒಂದೇ. ಕೊನೆಯಲ್ಲಿ 'ಎಸ್' ಇರುವ ಸೆಲೆಕ್ಟೆಡ್‌ಐಟಂಸ್ ಓದಬೇಕು. ಆರಿಸಿದ್ದನ್ನು ಅಳಿಸುವುದಾದರೆ ಸೆಲೆಕ್ಟೆಡ್‌ಇಂಡಿಸಸ್ (ಆರಿಸಿದ ಸಾಲುಗಳ ಸ್ಥಾನದ ಸಂಖ್ಯೆಗಳು) ಹಿಡಿದು ಕೆಳಗಿನಿಂದ ಮೇಲಕ್ಕೆ ಬನ್ನಿ, ಯಾಕಂದ್ರೆ 2ನೇದನ್ನು ಮೊದಲು ತೆಗೆದರೆ 3ನೇದು ಆ ಜಾಗಕ್ಕೆ ಬಂದು ಕೂರುತ್ತದೆ, ಆಮೇಲೆ ನೀವು ಬೇರೆಯದನ್ನೇ ಅಳಿಸಿಬಿಡುತ್ತೀರಿ.

ಇನ್ನೊಂದು ವಿಷಯ. ಮಲ್ಟಿ ಮೋಡ್ ಒಪ್ಪದೇ ಎರರ್ ಕೊಡುವುದು ಚೆಕ್ಡ್‌ಲಿಸ್ಟ್‌ಬಾಕ್ಸೇ! ಅಲ್ಲಿ ಹಲವಕ್ಕೆ ಟಿಕ್ ಹಾಕಬಹುದು ನಿಜ, ಆದರೆ ಟಿಕ್ ಬೇರೆ, ಆಯ್ಕೆ ಬೇರೆ. ಪಟ್ಟಿ ತೋರಿಸುವ ಇನ್ನೊಂದು ಕಂಟ್ರೋಲ್ ಆದ ಲಿಸ್ಟ್‌ವ್ಯೂನಲ್ಲಂತೂ ಹಲವು ಆರಿಸಲು ಬಿಡುವ ಮಲ್ಟಿಸೆಲೆಕ್ಟ್ ಮೊದಲೇ ಆನ್ ಆಗಿರುತ್ತದೆ.