ಕಕ್ಕಡದ ಮಳೆಯಲ್ಲಿ ಆಟೀನು ರಾಣಿ

ಕೊಡಗಿನಲ್ಲಿ ಇಸ್ಪೀಟ್ ಜಾದೂ ಕಲಿಯುವವರಿಗೆ ಎರಡು ಕಂಟಕ. ಒಂದು ಮಳೆ. ಇನ್ನೊಂದು, ನಲವತ್ತು ವರ್ಷದಿಂದ ರಮ್ಮಿ ಆಡುತ್ತ ಬಂದ ಮಾವ. ಮಳೆಗಾದರೂ ತುಲಾ ಸಂಕ್ರಮಣದ ಹೊತ್ತಿಗೆ ಸುಸ್ತಾಗುತ್ತದೆ.

ಕೆಲಸ ಕೇಳಲು ಸಣ್ಣದು. ಮಾವ ಒಂದೆಲೆ ಎಳೆಯುತ್ತಾರೆ, ಆಟೀನು ರಾಣಿ ಅನ್ನಿ. ನೋಡಿ ವಾಪಸು ಇಡುತ್ತಾರೆ. ರಾಣಿ 52 ಎಲೆಗಳ ನಡುವೆ ಎಲ್ಲೋ ಕಳೆದುಹೋದಳು ಅಂತ ಅವರು ನಂಬಬೇಕು, ಅಷ್ಟರಲ್ಲಿ ಅವಳು ಕಟ್ಟಿನ ತಲೆಯ ಮೇಲೆ ಬಂದು ಕೂತಿರಬೇಕು.

ಎಲ್ಲಕ್ಕೂ ಬುನಾದಿ ಕಿರುಬೆರಳು. ಕಟ್ಟಿನ ಮೇಲರ್ಧ ಎತ್ತಿ, ಎಡಗೈಯಲ್ಲಿ ಉಳಿದ ಭಾಗದ ಮೇಲೆ ರಾಣಿಯನ್ನು ಇಡಿಸಿಕೊಳ್ಳಿ. ಮೇಲರ್ಧವನ್ನು ತಿರುಗಿ ಕೂರಿಸುವಾಗ, ನಿಮ್ಮ ಕಡೆಯ ಬಲಮೂಲೆಯಲ್ಲಿ ಎಡಗೈ ಕಿರುಬೆರಳ ತುದಿಯ ಮಾಂಸ ಮಾತ್ರ ನಡುವೆ ಸಿಕ್ಕಿಕೊಳ್ಳಲಿ. ಒಂದೆರಡು ಮಿಲಿಮೀಟರ್ ಸಂದು ಸಾಕು. ಹೊಸಬರು ಇಡೀ ಬೆರಳನ್ನೇ ತೂರಿಸುತ್ತಾರೆ. ಕಟ್ಟು ಆಕಳಿಸುತ್ತಿರುವ ಹಾಗೆ ಕಾಣುತ್ತದೆ. ಮುಂದಿನ ಅಂಚನ್ನು ತೋರುಬೆರಳಿನಿಂದ ಒತ್ತಿ ಹಿಡಿದರೆ ಎದುರು ಕೂತವರಿಗೆ ಸಂದು ಕಾಣದು. ಬಲಗಡೆ ಕೂತವರಿಗೆ ಕಂಡೇ ಕಾಣುತ್ತದೆ. ಹಾಗಾಗಿ ಬಲಕ್ಕೆ ಗೋಡೆಯೋ ಗೋದ್ರೇಜ್ ಬೀರುವೋ ಇರುವ ಜಾಗ ಹುಡುಕಿ ಕೂರಿ. ನೆಂಟರಮನೆಯಲ್ಲಿ ಆ ಜಾಗ ಅಜ್ಜಿಯದಾಗಿರುತ್ತದೆ, ಅದು ಬೇರೆ ವಿಷಯ.

ಇನ್ನು ಕಟ್, ಅಂದರೆ ಅಡಿಯ ಎಲೆಗಳನ್ನು ತೆಗೆದು ಮೇಲಿಡುವುದು. ಬಲಗೈಯಿಂದ ಕಟ್ಟನ್ನು ಮೇಲಿನಿಂದ ಹಿಡಿದು, ಸಂದನ್ನು ಹಿಂದಿನ ಅಂಚಿನಲ್ಲಿ ಹೆಬ್ಬೆರಳಿಗೆ ದಾಟಿಸಿ. ಸಂದಿನ ಕೆಳಗಿರುವ ಎಲೆಗಳಲ್ಲಿ ಸುಮಾರು ಅರ್ಧವನ್ನು ಎಡಗೈ ಅಡಿಯಿಂದ ತೆಗೆದು ಮೇಲಿಡುತ್ತದೆ. ಮತ್ತೆ ಸಂದಿನವರೆಗೆ ಉಳಿದದ್ದನ್ನೂ ತೆಗೆದು ಮೇಲಿಡುತ್ತದೆ. ರಾಣಿ ಮೇಲೆ. ಸಂದು ಒಂದೆಲೆ ಮೇಲೆ ಸರಿದಿದ್ದರೆ ಅವಳು ಎರಡನೆಯವಳು, ಒಂದೆಲೆ ಕೆಳಗೆ ಸರಿದಿದ್ದರೆ ಕಟ್ಟಿನ ಅಡಿಗೆ. "ಇದೇನಾ ನಿಮ್ಮ ಎಲೆ?" ಅಂತ ಜಂಬದಿಂದ ಕಳಾವರ್ ನಾಲ್ಕನ್ನು ಎತ್ತಿ ತೋರಿಸಿದ ಮೇಲೆ ಈ ಲೆಕ್ಕ ನೆನಪಾದರೆ ಏನೂ ಪ್ರಯೋಜನವಿಲ್ಲ.

ನಮ್ಮ ಕಡೆಗೆ ಹೇಳಿ ಮಾಡಿಸಿದ್ದು ಹಿಂದೂ ಶಫಲ್. ಹೆಸರು ದೊಡ್ಡದು, ವಿಷಯ ಇಷ್ಟೇ: ರಮ್ಮಿಗೆ ಮನೆಮನೆಯಲ್ಲಿ ಎಲೆ ಕಲೆಸುವ ರೀತಿ, ಬಲಗೈಯ ಕಟ್ಟಿನ ಮೇಲಿನಿಂದ ಸಣ್ಣ ಗುಂಪುಗಳನ್ನು ಎಡಗೈ ಸರಸರ ಎಳೆದುಕೊಳ್ಳುವುದು. ಎಡಗೈಯ ಗುಂಪಿನ ಮೇಲೆ ರಾಣಿ ಬಿದ್ದಮೇಲೆ ಬಲಗೈಯ ಕಟ್ಟು ಅದರ ಮೇಲೆ ಹಾದುಹೋಗುತ್ತದೆ. ಆ ಕ್ಷಣದಲ್ಲಿ ಬಲಗೈ ಹೆಬ್ಬೆರಳೂ ನಡುಬೆರಳೂ ರಾಣಿಯ ಸಮೇತ ನಾಲ್ಕಾರು ಎಲೆ ಕದ್ದು, ಸಂದು ಬಿಟ್ಟು ಅಡಿಗೆ ಹಿಡಿದುಕೊಳ್ಳುತ್ತವೆ. ಸಂದಿನವರೆಗೆ ಕಲೆಸುತ್ತ ಬಂದು, ಕೊನೆಯ ಸಣ್ಣ ಗುಂಪನ್ನು ಮೇಲೆ ಬಿಟ್ಟರೆ ಮುಗಿಯಿತು. ದಿನಾ ಕಾಣುವ ಕಲೆಸಾಟವಾದ್ದರಿಂದ ಮಾವನಿಗೆ ಅನುಮಾನ ಬಾರದು. ಆದರೆ ಕದಿಯುವಾಗ ಕೈ ಅರೆಗಳಿಗೆ ನಿಂತರೆ ಅವರ ಕಾಫಿ ಲೋಟವೂ ಅರ್ಧದಲ್ಲೇ ನಿಲ್ಲುತ್ತದೆ. ಅದು ಕೈಯ ತಪ್ಪಲ್ಲ, ತಾಳದ ತಪ್ಪು.

ಕಣ್ಣೂ ಮೋಸ ಮಾಡುತ್ತದೆ. ಕದಿಯುವಾಗ ನೀವು ಕೈ ನೋಡಿದರೆ ಎಲ್ಲರೂ ಕೈಯನ್ನೇ ನೋಡುತ್ತಾರೆ. ಮುಖ ನೋಡಿ, "ಈ ಸಲ ಕರಿಮೆಣಸು ಹೇಗೆ ಮಾವ?" ಅಂತ ಕೇಳಿ. ಅವರು ತಲೆ ಎತ್ತುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಕೊಳೆರೋಗದಿಂದ ಶುರು ಮಾಡುತ್ತಾರೆ. ಆ ಹೊತ್ತಿನಲ್ಲಿ ನಾಲ್ಕು ರಾಣಿಯರನ್ನೂ ಮೇಲೆ ತರಬಹುದು.

ಬಲಗೈಯ ಮರೆಯಲ್ಲಿ ಎರಡು ಅರ್ಧಗಳನ್ನು ಅದಲುಬದಲು ಮಾಡುವ 'ಪಾಸ್' ಎನ್ನುವುದೊಂದಿದೆ. ಅದನ್ನು ಕಲಿಯುವವರು ಹಾಸಿಗೆಯ ಮೇಲೆ ಕೂತು ಕಲಿಯಲಿ. ನೆಲದಿಂದ ಎಲೆ ಆಯುವ ಶ್ರಮ ತಪ್ಪುತ್ತದೆ.

ಇಷ್ಟೆಲ್ಲ ಬಂದಮೇಲೂ ಜುಲೈ ತಿಂಗಳೊಂದು ಬರುತ್ತದೆ. ಕಾಗದದ ಎಲೆ ಅಂಚುಗಳಿಂದ ತೇವ ಕುಡಿದು ಊದಿಕೊಳ್ಳುತ್ತದೆ, ಕಟ್ಟು ತನ್ನ ಡಬ್ಬಿಗೇ ಹಿಡಿಸದು. ಒಂದೆಲೆ ಎಳೆದರೆ ಮೂರು ಬರುತ್ತವೆ. ಅಗ್ಗಿಷ್ಟಿಕೆ ಮುಂದೆ ಒಣಗಿಸಲು ಹೋದರೆ ಒಂದು ಮೈ ಬೇಗ ಒಣಗಿ ಎಲೆಗಳೆಲ್ಲ ಹಪ್ಪಳದ ಹಾಗೆ ಬಾಗುತ್ತವೆ. ಮುಖದ ಪೌಡರ್ ಹಾಕಬೇಡಿ. ತೇವಕ್ಕೆ ಅದು ಮೆತ್ತಿಕೊಳ್ಳುತ್ತದೆ, ಜೊತೆಗೆ ರಾಜನೂ ಗುಲಾಮನೂ ಮದುಮಗಳ ಹಾಗೆ ಘಮಘಮಿಸುತ್ತಾರೆ. ಜಾದೂಗಾರರು ಬಳಸುವುದು ಜಿಂಕ್ ಸ್ಟಿಯರೇಟ್ ಪುಡಿ, ಅದಕ್ಕೆ ನೀರು ಹತ್ತದು. ಚಿಟಿಕೆಯಷ್ಟು ಸಾಕು, ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು. ಅದೂ ಸಿಗದಿದ್ದರೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಂದು, ಒಳಗೆ ಕಟ್ಟು. ಪ್ಲಾಸ್ಟಿಕ್ ಎಲೆ ಊದುವುದಿಲ್ಲ, ಆದರೆ ಜಾರುತ್ತದೆ. ಕಿರುಬೆರಳಿನ ಸಂದು ಅದರಲ್ಲಿ ನಿಲ್ಲುವುದು ಕಷ್ಟ.

ಎಲ್ಲಕ್ಕಿಂತ ಕೆಟ್ಟದ್ದು ಆಗಸ್ಟ್ 3, ಕಕ್ಕಡ ಪದಿನೆಟ್ಟು, ಅಂದರೆ ಕೊಡವರ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮದ್ದುಸೊಪ್ಪಿನ ಪಾಯಸ ತಿಂದ ಕೈಯಲ್ಲಿ ಯಾರೋ ಎಲೆ ಮುಟ್ಟಿರುತ್ತಾರೆ, ಬೆನ್ನಿನ ಮೇಲೆ ನೇರಳೆ ಬಣ್ಣದ ಹೆಬ್ಬೆಟ್ಟು ಒತ್ತಿರುತ್ತದೆ. ಅದು ಯಾವ ಎಲೆ ಅಂತ ಮನೆಮಂದಿಗೆಲ್ಲ ಬಾಯಿಪಾಠ. ನೀವು ಸಂದು ಹಿಡಿದು, ಕಲೆಸಿ, ಕರಿಮೆಣಸಿನ ಬೆಲೆ ಕೇಳಿ, ಬೆವರಿ, ಇನ್ನೇನು ಮೇಲಿನ ಎಲೆ ತಿರುಗಿಸಬೇಕು ಅನ್ನುವಷ್ಟರಲ್ಲಿ ಮಾವ ಕಾಫಿ ಲೋಟ ಕೆಳಗಿಟ್ಟು ಅನ್ನುತ್ತಾರೆ:

"ತಿರುಗಿಸು ಮಾರಾಯ, ರಾಣಿ ಮೇಲೆ ಬಂದು ಎಷ್ಟು ಹೊತ್ತಾಯ್ತು!"