ಅಪ್ಪ ಫೋನಲ್ಲಿ ಅಳಿಸಿದ ಮೇಲ್‌ಗಳು

ಸಾಗರದಿಂದ ಅಪ್ಪ ಫೋನ್ ಮಾಡಿದಾಗ ರಾತ್ರಿ ಹತ್ತು ದಾಟಿತ್ತು. ಅಷ್ಟು ಹೊತ್ತಿಗೆ ಅವರು ಫೋನ್ ಮಾಡುವವರೇ ಅಲ್ಲ. “ನಿನ್ನಕ್ಕನ ಮೇಲ್ ಒಂದೂ ಕಾಣ್ತಾ ಇಲ್ಲ ಕಣೋ. ನಾನು ಫೋನಲ್ಲಿ ಮಾತ್ರ ಅಳಿಸಿದ್ದು. ಕಂಪ್ಯೂಟರಲ್ಲಿ ಇದ್ದೇ ಇರುತ್ತಲ್ಲ?”

ಸ್ಟೋರೇಜ್ ತುಂಬಿದೆ ಎಂದು ವಾರದಿಂದ ಸೂಚನೆ ಬರುತ್ತಿತ್ತಂತೆ. ಹಳೆಯ ಮೇಲ್‌ಗಳನ್ನು ಅಳಿಸಿದರು. ಜಾಗ ಖಾಲಿಯಾಗಲಿಲ್ಲ, ಏಕೆಂದರೆ ಅಳಿಸಿದ ಮೇಲ್ ಮೊದಲು ಹೋಗಿ ಬೀಳುವ ಬಿನ್‌ನಲ್ಲಿ ಇರುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಮೊಬೈಲ್ ಅಂಗಡಿಯ ಹುಡುಗ “ಬಿನ್ ಖಾಲಿ ಮಾಡಿ ಸಾರ್” ಎಂದ. ಮಾಡಿದರು.

ಅಕ್ಕ 2010ರಲ್ಲಿ ಮ್ಯೂನಿಕ್‌ಗೆ ಹೋದವಳು. ಆಗಿನಿಂದ ಅಪ್ಪನಿಗೆ ಬರೆದದ್ದೆಲ್ಲ ಆ ಅಳಿಸಿದ ಮೇಲ್‌ಗಳಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಾ ಹೋಗಿ ಅಪ್ಪ ಟೈಪ್ ಮಾಡಿದ ಉತ್ತರಗಳಿದ್ದವು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಅಮ್ಮ ಈಗ ಇಲ್ಲ. ಪತ್ರವನ್ನೂ ಉತ್ತರವನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ತೋರಿಸುವ ಮೇಲ್‌ಗಳಲ್ಲಿ ಆ ಸಾಲು ಅಳಿಸಿದರೆ ನಾವು ಕಳಿಸಿದ್ದೂ ಜೊತೆಗೇ ಹೋಗುತ್ತದೆ.

ಇದನ್ನು ಅಪ್ಪನ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಹಿಂದೆ ಪಾಪ್ ಎಂಬ ಪದ್ಧತಿಯಲ್ಲಿ ಮೇಲ್ ನಿಜವಾಗಿಯೂ ನಮ್ಮ ಕಂಪ್ಯೂಟರಿಗೆ ಇಳಿಯುತ್ತಿತ್ತು, ಅಂಚೆಯವನು ಮನೆಗೆ ತಂದುಕೊಟ್ಟ ಕಾಗದದ ಹಾಗೆ. ಈಗ ನಡೆಯುವುದು ಐಮ್ಯಾಪ್ ರೀತಿ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ್ದು. ಇದರಲ್ಲಿ ಪೆಟ್ಟಿಗೆ ಒಂದೇ, ಅದು ದೂರದ ಸರ್ವರ್‌ನಲ್ಲಿ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಫೋನು, ಕಂಪ್ಯೂಟರ್ ಎರಡೂ ಅದಕ್ಕೆ ಕಿಟಕಿಗಳು. ಯಾವ ಕಿಟಕಿಯಿಂದ ಕೈ ಹಾಕಿ ತೆಗೆದರೂ ಪೆಟ್ಟಿಗೆಯಿಂದಲೇ ಹೋಗುತ್ತದೆ. “ಇದು ನಿಮ್ಮ ಎಲ್ಲ ಸಾಧನಗಳಿಂದಲೂ ಹೋಗುತ್ತದೆ” ಎಂದು ಅಳಿಸುವ ಮೊದಲು ಒಂದು ಸಾಲು ತೋರಿಸಬೇಕು, ಅದೂ ಕನ್ನಡದಲ್ಲಿ. ಎಪ್ಪತ್ತು ದಾಟಿದವರ ಕೈಗೆ ಫೋನ್ ಕೊಟ್ಟ ಮೇಲೆ ಇಷ್ಟನ್ನು ಕೇಳುವುದು ಜಾಸ್ತಿ ಆಯಿತಾ?

ಆ ರಾತ್ರಿ ನಾನು ಹೇಳಿದ್ದು ಒಂದೇ ಮಾತು: “ಅಪ್ಪಾ, ಕಂಪ್ಯೂಟರ್ ಆನ್ ಮಾಡಬೇಡಿ.”

2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಕೆಲವು ಜಿಮೇಲ್ ಖಾತೆಗಳು ಖಾಲಿಯಾದವು. ಶೇಕಡಾ 0.02ರಷ್ಟು ಬಳಕೆದಾರರು. ಗೂಗಲ್ ಅವನ್ನು ವಾಪಸ್ ತಂದದ್ದು ಮ್ಯಾಗ್ನೆಟಿಕ್ ಟೇಪ್‌ಗಳಿಂದ. ಟೇಪ್ ಜಾಲದಿಂದ ಬೇರೆಯಾಗಿ ಕೂತಿತ್ತು, ದೋಷ ಅಲ್ಲಿಗೆ ಮುಟ್ಟಲಿಲ್ಲ. ಅಪ್ಪನ ಹಳೆಯ ಕಂಪ್ಯೂಟರ್ ಕೂಡ ಒಂದು ವರ್ಷದಿಂದ ಬಟ್ಟೆ ಹೊದ್ದು ಸುಮ್ನೆ ಕೂತಿತ್ತು. ಅದರಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದೆ. ಅದು ಮೇಲ್‌ಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ನೆಟ್ ಸಿಕ್ಕ ಕೂಡಲೇ ಸರ್ವರ್ ನೋಡಿ ಇಲ್ಲಿಯೂ ಅಳಿಸಿಬಿಡುತ್ತದೆ.

ಶನಿವಾರ ಊರಿಗೆ ಹೋದೆ. ಮೊದಲು ರೂಟರ್ ಆಫ್ ಮಾಡಿ, ಕಂಪ್ಯೂಟರಿನ ಕೇಬಲ್ ಕಿತ್ತೆ. ಆಮೇಲೆ ತೆರೆದೆ. ಇದ್ದವು! ಎಲ್ಲವನ್ನೂ ಆರಿಸಿ ‘ಲೋಕಲ್ ಫೋಲ್ಡರ್ಸ್’ಗೆ ಕಾಪಿ ಮಾಡಿದೆ. ಅದು ಸರ್ವರ್‌ಗೆ ಸೇರದ ಜಾಗ. ಪೆನ್‌ಡ್ರೈವ್‌ಗೂ ಹಾಕಿಟ್ಟೆ. ಅಪ್ಪ ಪಕ್ಕದಲ್ಲಿ ಕೂತು ಒಂದನ್ನು ತೆರೆಯಲು ಹೇಳಿದರು. “ಚಳಿಗೆ ಕಷಾಯ ಮಾಡಿಕೊಳ್ಳೇ, ಜೀರಿಗೆ ಜಾಸ್ತಿ ಹಾಕು” ಎಂದಿತ್ತು. ಮತ್ತೆ ಅವರು ಮಾತಾಡಲಿಲ್ಲ.

ನಿಮಗೂ ಹೀಗಾದರೆ ಗಾಬರಿಯಲ್ಲಿ ಏನೇನೋ ಒತ್ತಬೇಡಿ. ಮೊದಲು ಬಿನ್ ನೋಡಿ. ಜಿಮೇಲ್‌ನಲ್ಲಿ 30 ದಿನ ಅಲ್ಲೇ ಇರುತ್ತದೆ. ‘ಆಲ್ ಮೇಲ್’ ಕೂಡ ನೋಡಿ. ಎಷ್ಟೋ ಸಲ ಅಳಿಸಿರುವುದಿಲ್ಲ, ಆರ್ಕೈವ್ ಆಗಿರುತ್ತದೆ, ಅಂದರೆ ಇನ್‌ಬಾಕ್ಸ್‌ನಿಂದ ಬದಿಗೆ ಸರಿದಿರುತ್ತದೆ. ಕಚೇರಿಯ ಗೂಗಲ್ ಖಾತೆಯಾದರೆ ಬಿನ್ ಖಾಲಿಯಾದ ಮೇಲೂ 25 ದಿನದೊಳಗೆ ಅಡ್ಮಿನ್ ವಾಪಸ್ ತರಬಲ್ಲರು. ನಾಚಿಕೊಳ್ಳದೆ ಅಂದೇ ಕೇಳಿ. ಜಾಗ ಬೇಕಿದ್ದರೆ ದೊಡ್ಡ ವಿಡಿಯೊ ಇರುವ ಮೇಲ್ ಹುಡುಕಿ ತೆಗೆಯಿರಿ. ಬರೀ ಅಕ್ಷರವಿರುವ ಪತ್ರ ತಿನ್ನುವ ಜಾಗ ತೀರಾ ಕಡಿಮೆ. ಖಾತೆಯಲ್ಲಿರುವುದರ ಪ್ರತಿ ಇಳಿಸಿಕೊಡುವ ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯದಿಂದ ಮನೆಯ ಹಿರಿಯರ ಖಾತೆಯನ್ನು ಇಳಿಸಿಡಲು ಒಂದು ಭಾನುವಾರ ಸಾಕು. ನಾನು ಅದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೆ.

ಕಂಪ್ಯೂಟರ್ ಮುಚ್ಚಿದ್ದ ಆ ಒಂದು ವರ್ಷದ ಮೇಲ್‌ಗಳು ಅಪ್ಪನ ಕಡೆ ಇಲ್ಲ. ಅಕ್ಕನ ‘ಸೆಂಟ್’ ಪೆಟ್ಟಿಗೆಯಲ್ಲಿ ಇವೆ. ಕೆಲಸ ಮುಗಿದ ಮೇಲೆ ದಿನಕ್ಕೆ ಎರಡು ಮೂರರಂತೆ ಅವನ್ನು ಮತ್ತೆ ಕಳಿಸುತ್ತಿದ್ದಾಳೆ. ಅಪ್ಪ ಒಂದೊಂದಕ್ಕೂ ಹೊಸದಾಗಿ ಉತ್ತರ ಬರೆಯುತ್ತಿದ್ದಾರೆ.